‘ದ ಹೌಸ್ ಆಫ್ ದ ರೈಸಿಂಗ್ ಸನ್’: 1964ರ ಆ ಸಿಂಗಲ್ ಹಿಂದೆ ಯಾರು ಯಾರಿದ್ದರು?

ಹಳೆಯ ತಟ್ಟೆ

ಗಿಟಾರ್ ಕಲಿತವರಲ್ಲಿ ಈ ಹಾಡನ್ನು ನುಡಿಸದವರು ವಿರಳ. ಯಾರ ಹಾಡು ಎಂದು ಕೇಳಿದರೆ ಹೆಚ್ಚಿನವರು ‘ದ ಆನಿಮಲ್ಸ್’ ಎಂಬ ಬ್ರಿಟಿಷ್ ತಂಡದ ಹೆಸರು ಹೇಳುತ್ತಾರೆ. ಇನ್ನು ಕೆಲವರು ಬಾಬ್ ಡಿಲನ್ ಎನ್ನುತ್ತಾರೆ. 1964ರ ರೆಕಾರ್ಡಿನ ಲೇಬಲ್ ಮೇಲೆ ಇರುವುದು ಮೂರನೆಯ ಹೆಸರು: ಆನಿಮಲ್ಸ್ ತಂಡದ ಆರ್ಗನ್ ವಾದಕ ಅಲನ್ ಪ್ರೈಸ್. ಹಾಡು ಸಾಂಪ್ರದಾಯಿಕ, ವಾದ್ಯ ಸಂಯೋಜನೆ ಪ್ರೈಸ್‌ನದು ಎಂದು ಅಲ್ಲಿ ಅಚ್ಚಾಗಿದೆ. ತಂಡದಲ್ಲಿ ಐದು ಜನರಿದ್ದರು. ಸಂಯೋಜಕನ ಪಾಲಿನ ರಾಯಲ್ಟಿ ಹೋದದ್ದು ಆ ಒಬ್ಬನಿಗೆ.

ಮೊದಲು ಧ್ವನಿ ಮುದ್ರಣದ ಕಥೆ ಹೇಳುತ್ತೇನೆ. 1964ರ ಮೇ ತಿಂಗಳಲ್ಲಿ ಆನಿಮಲ್ಸ್ ತಂಡ ಚಕ್ ಬೆರಿಯ ಜೊತೆ ಇಂಗ್ಲೆಂಡ್ ಸುತ್ತುತ್ತಿತ್ತು. ವೇಗದ ರಾಕ್ ಅಂಡ್ ರೋಲ್‌ನಲ್ಲಿ ಬೆರಿಯನ್ನು ಮೀರಿಸುವುದು ಯಾರಿಂದಲೂ ಆಗದ ಮಾತು. ಹಾಗಾಗಿ ಬೇರೆಯೇ ಬಣ್ಣದ, ನಿಧಾನಗತಿಯ, ಕತ್ತಲೆ ತುಂಬಿದ ಒಂದು ಹಾಡನ್ನು ಕೊನೆಗೆ ಹಾಡಲು ಆರಿಸಿಕೊಂಡರು. ಜನ ಮರುಳಾದರು. ಮೇ 17ರಂದು ಲಿವರ್‌ಪೂಲ್‌ನಲ್ಲಿ ಕಾರ್ಯಕ್ರಮ ಮುಗಿಸಿ ಲಂಡನ್ನಿಗೆ ಬಂದು, ಮರುದಿನ ಕಿಂಗ್ಸ್‌ವೇಯ ಸ್ಟುಡಿಯೋದಲ್ಲಿ ನಿರ್ಮಾಪಕ ಮಿಕ್ಕಿ ಮೋಸ್ಟ್ ಎದುರು ನುಡಿಸಿದರು. ಒಂದೇ ಟೇಕ್. ಹಾಡು ನಾಲ್ಕೂವರೆ ನಿಮಿಷ ಬಂತು. ಎರಡೂವರೆ, ಮೂರು ನಿಮಿಷದ ಹಾಡುಗಳ ಆ ಕಾಲದಲ್ಲಿ ಅದು ಅತಿ ಉದ್ದ. ಎಂಜಿನಿಯರ್ ಅನುಮಾನ ತೋರಿಸಿದರೂ ಮೋಸ್ಟ್ ಕತ್ತರಿ ಹಾಕಲಿಲ್ಲ. ಜುಲೈನಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಸೆಪ್ಟೆಂಬರ್ 5ರಿಂದ ಮೂರು ವಾರ ಅಮೆರಿಕದಲ್ಲಿ ಮೊದಲ ಸ್ಥಾನ. (ಅಮೆರಿಕದಲ್ಲಿ ಬಿಟ್ಟ ಸಿಂಗಲ್ ಮಾತ್ರ ಮೂರು ನಿಮಿಷದೊಳಗೆ ಮೊಟಕಾಗಿತ್ತು.)

ಈಗ ಹಿಂದಕ್ಕೆ ಹೋಗೋಣ. ಆನಿಮಲ್ಸ್ ತಂಡದ ಮುಂದಿದ್ದದ್ದು 1962ರ ಮಾರ್ಚ್‌ನಲ್ಲಿ ಬಂದ ಡಿಲನ್‌ನ ಮೊದಲ ಆಲ್ಬಮ್. ಡಿಲನ್ ಅದನ್ನು ಎತ್ತಿಕೊಂಡದ್ದು ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನ ಗಾಯಕ ಡೇವ್ ವಾನ್ ರಾಂಕ್‌ನಿಂದ. ವಾನ್ ರಾಂಕ್ ಕಲಿತದ್ದು ಟೆಕ್ಸಸ್‌ನ ಗಾಯಕಿ ಹಾಲಿ ವುಡ್ ಅವರ ರೆಕಾರ್ಡಿನಿಂದ. ಹಾಲಿ ವುಡ್ ಕಲಿತದ್ದು ಅಲನ್ ಲೋಮ್ಯಾಕ್ಸ್ ಮಾಡಿದ್ದ ಕ್ಷೇತ್ರ ಮುದ್ರಣದಿಂದ. ಆ ಮುದ್ರಣದಲ್ಲಿ ಹಾಡಿದವಳು ಜಾರ್ಜಿಯಾ ಟರ್ನರ್, ಹದಿನಾರು ವರ್ಷದ ಹುಡುಗಿ, ಕೆಂಟಕಿಯ ಮಿಡಲ್ಸ್‌ಬರೋ ಎಂಬ ಕಲ್ಲಿದ್ದಲಿನ ಊರಿನವಳು. ದಿನಾಂಕ 1937ರ ಸೆಪ್ಟೆಂಬರ್ 15. ಲೋಮ್ಯಾಕ್ಸ್‌ಗೆ ಆಗ ಇಪ್ಪತ್ತೆರಡು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಭಾರವಾದ ಮುದ್ರಣ ಯಂತ್ರವನ್ನು ಕಾರಿನಲ್ಲಿ ಹೇರಿಕೊಂಡು ಗುಡ್ಡಗಾಡು ಸುತ್ತುತ್ತಿದ್ದ.

ಕೊಂಡಿಗಳನ್ನು ಎಣಿಸಿ ನೋಡಿ: ಟರ್ನರ್, ಲೋಮ್ಯಾಕ್ಸ್, ಹಾಲಿ ವುಡ್, ವಾನ್ ರಾಂಕ್, ಡಿಲನ್, ಆನಿಮಲ್ಸ್. ಪ್ರತಿಯೊಂದು ಕೊಂಡಿಗೂ ಹೆಸರಿದೆ. ಜಾನಪದ ಎಂದ ಕೂಡಲೇ ನಾವು ‘ಯಾರೋ ಹಾಡಿದ್ದು, ಯಾರದ್ದೋ ಗೊತ್ತಿಲ್ಲ’ ಎಂದು ಕೈಬಿಡುತ್ತೇವೆ. ಇಲ್ಲಿ ಗೊತ್ತಿತ್ತು. ಗೊತ್ತಿದ್ದೂ ಲೇಬಲ್ ಮೇಲೆ ಬರಲಿಲ್ಲ. ಫೋಕ್ ರಾಕ್‌ನ (ಜಾನಪದ ಗೀತೆಯನ್ನು ವಿದ್ಯುತ್ ವಾದ್ಯಗಳೊಂದಿಗೆ ನುಡಿಸುವ ಶೈಲಿ) ಮೊದಲ ದೊಡ್ಡ ಹಿಟ್ ಎಂದು ಅನೇಕ ವಿಮರ್ಶಕರು ಒಪ್ಪುವ ಈ ಹಾಡನ್ನು ಹೊಗಳುವಾಗ ಟರ್ನರ್‌ಳ ಹೆಸರನ್ನೂ ಹೇಳಲೇಬೇಕು ಎಂಬುದು ನನ್ನ ವಾದ. ನಿಮಗೆಲ್ಲ ಏನನ್ನಿಸುತ್ತದೆ?

ಆರು ತಂತಿ

ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಹಾಡಿನ ಸಂಗೀತದ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಈ ಹಾಡು ಗೆದ್ದದ್ದು ಅಲ್ಲಿ.

ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸಾಲು ಹೀಗೆ: ಎ ಮೈನರ್, ಸಿ, ಡಿ, ಎಫ್, ಮತ್ತೆ ಎ ಮೈನರ್, ಸಿ, ಇ. ಕರ್ನಾಟಕ ಸಂಗೀತ ಬಲ್ಲವರು ‘ಎ’ಯನ್ನು ಷಡ್ಜ ಎಂದು ಹಿಡಿದು ಕೇಳಿ. ಡಿ ಕಾರ್ಡಿನಲ್ಲಿ ಚತುಶ್ರುತಿ ಧೈವತವಿದೆ. ಅದರ ಬೆನ್ನಿಗೇ ಬರುವ ಎಫ್‌ನಲ್ಲಿ ಶುದ್ಧ ಧೈವತ. ಎರಡು ಧೈವತಗಳು ಒಂದರ ಹಿಂದೆ ಒಂದು ಬಂದಾಗ ಸ್ವಲ್ಪ ಬೆಳಕು ಕಂಡು ತಕ್ಷಣ ಮುಚ್ಚಿಕೊಂಡ ಹಾಗೆ ಆಗುತ್ತದೆ. ಸಿ ಕಾರ್ಡಿನಲ್ಲಿ ಕೈಶಿಕಿ ನಿಷಾದ, ಕೊನೆಯ ಇ ಕಾರ್ಡಿನಲ್ಲಿ ಕಾಕಲಿ ನಿಷಾದ. ಆ ಕಾಕಲಿ ನಿಷಾದ ಷಡ್ಜದ ಬಾಗಿಲಲ್ಲಿ ನಿಂತು ಮತ್ತೆ ಮೊದಲ ಕಾರ್ಡಿಗೆ ಎಳೆಯುತ್ತದೆ. ಆದ್ದರಿಂದಲೇ ಹಾಡು ಸುತ್ತುತ್ತಲೇ ಇರುತ್ತದೆ, ನಿಲ್ಲಲು ಜಾಗವೇ ಸಿಗುವುದಿಲ್ಲ. ಹುಡುಗನೊಬ್ಬ ಬಿಟ್ಟು ಬಂದ ಊರಿಗೇ, ಕಾಲಿಗೆ ಸರಪಳಿ ತೊಡಲು ಮರಳುವ ಕಥೆಗೆ ಇದಕ್ಕಿಂತ ಸರಿಯಾದ ಸಂಗೀತ ಇಲ್ಲ.

ತಾಳದ ವಿಷಯ. ಡಿಲನ್ ಗಿಟಾರಿನಲ್ಲಿ ಕಾರ್ಡ್‌ಗಳನ್ನು ಬಾರಿಸುತ್ತಾನೆ. ಆನಿಮಲ್ಸ್‌ನ ಹಿಲ್ಟನ್ ವ್ಯಾಲೆಂಟೈನ್ ಅವೇ ಕಾರ್ಡ್‌ಗಳನ್ನು ಬಿಡಿಸಿ, ತಂತಿ ತಂತಿಯಾಗಿ ಏರಿಸಿ ಇಳಿಸಿದ. ಒಂದು ಸುತ್ತಿಗೆ ಆರು ಎಣಿಕೆ, ನಮ್ಮ ತಿಶ್ರ ನಡೆಯ ತೂಗಾಟ. ಎಲೆಕ್ಟ್ರಿಕ್ ಗಿಟಾರಿನ ಆ ಆರ್ಪೆಜಿಯೊ ಮೊದಲ ಎರಡು ಕ್ಷಣದಲ್ಲೇ ಹಾಡಿನ ಗುರುತು ಹೇಳಿಬಿಡುತ್ತದೆ. ಆಮೇಲೆ ಅಲನ್ ಪ್ರೈಸ್‌ನ ವಾಕ್ಸ್ ಆರ್ಗನ್ ಬರುತ್ತದೆ. ಗಾಯಕ ಎರಿಕ್ ಬರ್ಡನ್ ಕೆಳಗಿನ ಸ್ಥಾಯಿಯಲ್ಲಿ ಶುರುಮಾಡಿ ಮುಂದೆ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತಾನೆ.

ಹಾಗಾಗಿ ನನ್ನ ಅಭಿಪ್ರಾಯ ಹಳೆಯ ತಟ್ಟೆಯವರದಕ್ಕಿಂತ ಕೊಂಚ ಬೇರೆ. ಟರ್ನರ್‌ಗೆ ಗೌರವ ಸಲ್ಲಲಿ. ಆದರೆ 1964ರಲ್ಲಿ ಜನ ಕೇಳಿ ಬೆಚ್ಚಿದ್ದು ಸಾಹಿತ್ಯಕ್ಕಲ್ಲ, ಆ ಐವರು ಸೇರಿ ಕಟ್ಟಿದ ಧ್ವನಿಗೆ. ಲೇಬಲ್ ಮೇಲೆ ಬರಬೇಕಾದ ಮೊದಲ ಹೆಸರು ವ್ಯಾಲೆಂಟೈನ್‌ದು. ಅವನು 2021ರ ಜನವರಿಯಲ್ಲಿ ತೀರಿಕೊಂಡ. ಈ ಹಾಡಿನ ಸಂಯೋಜಕ ಎಂದು ಅವನಿಗೆ ಒಂದು ಸಾಲಿನ ಮನ್ನಣೆಯೂ ದಕ್ಕಲಿಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿ.

ರಾತ್ರಿ ಕೇಳುಗ

ಐದು ಜನ ಸೇರಿ ಕಟ್ಟಿದ್ದಕ್ಕೆ ಒಬ್ಬನ ಹೆಸರು ಏಕೆ? ಪ್ರೈಸ್ ಮೋಸ ಮಾಡಿದನೇ?

ಕರಡು ಪ್ರತಿ

ವಕೀಲಿ ವೃತ್ತಿಯಲ್ಲಿದ್ದೇನೆ, ಹಕ್ಕುಸ್ವಾಮ್ಯದ ಕಡತಗಳು ನನ್ನ ಮೇಜಿಗೆ ಬರುತ್ತಿರುತ್ತವೆ. ಇದರ ಉತ್ತರ ಬಹಳ ಸಪ್ಪೆಯಾಗಿದೆ, ಸಪ್ಪೆಯಾಗಿರುವುದರಿಂದಲೇ ಬೇಸರ ತರಿಸುತ್ತದೆ. ತಂಡದವರು ಹೇಳಿಕೊಂಡು ಬಂದ ಪ್ರಕಾರ, ಲೇಬಲ್ ಮೇಲೆ ಐದು ಹೆಸರು ಹಿಡಿಸುವುದಿಲ್ಲ ಎಂದು ಅವರಿಗೆ ಹೇಳಲಾಯಿತು. ಅಕ್ಷರಾನುಕ್ರಮದಲ್ಲಿ ‘ಅಲನ್’ ಮೊದಲು ಬರುತ್ತದೆ, ಅದನ್ನೇ ಹಾಕೋಣ, ಬಂದದ್ದನ್ನು ಆಮೇಲೆ ಹಂಚಿಕೊಳ್ಳೋಣ ಎಂಬ ಮಾತಾಯಿತು. ಹಂಚಿಕೆ ಆಗಲಿಲ್ಲ. 1965ರಲ್ಲಿ ಪ್ರೈಸ್ ತಂಡವನ್ನೇ ಬಿಟ್ಟ. ಉಳಿದವರ ಮನಸ್ಸಿನಲ್ಲಿ ಆ ಕಹಿ ದಶಕಗಳ ಕಾಲ ಉಳಿಯಿತು.

ಕಾನೂನಿನ ಕಣ್ಣಿಗೆ ಸಾಂಪ್ರದಾಯಿಕ ಹಾಡು ಯಾರ ಸೊತ್ತೂ ಅಲ್ಲ. ಯಾರು ಬೇಕಾದರೂ ಹಾಡಬಹುದು. ಆದರೆ ಅದಕ್ಕೆ ಹೊಸದಾಗಿ ಕೊಟ್ಟ ವಾದ್ಯ ಸಂಯೋಜನೆಗೆ ಹಕ್ಕು ಹುಟ್ಟುತ್ತದೆ. ಅಂದರೆ ಹೊಲಕ್ಕೆ ಒಡೆಯನಿಲ್ಲ, ಬೇಲಿಗೆ ಮಾತ್ರ ಇದ್ದಾನೆ. ಒಂದು ರೂಪಾಯಿಯ ಬರವಣಿಗೆಯೂ ಇಲ್ಲದೆ, ಬಾಯಿಮಾತಿನಲ್ಲಿ ಐದು ಜನ ಗೆಳೆಯರು ಮಾಡಿಕೊಂಡ ಒಪ್ಪಂದ ಎಲ್ಲಿ ಮುರಿಯುತ್ತದೆ ಎಂಬುದನ್ನು ನಾನು ನಿತ್ಯ ನೋಡುತ್ತೇನೆ. ಸಂಗೀತ ತಂಡ ಕಟ್ಟುವ ಹುಡುಗರು ಈ ಎಳೆಯನ್ನು ಓದುತ್ತಿದ್ದರೆ, ಮೊದಲ ಹಾಡು ಮುದ್ರಿಸುವ ಮುಂಚೆಯೇ ಯಾರ ಪಾಲು ಎಷ್ಟು ಎಂದು ಒಂದು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ನಮ್ಮಲ್ಲಿ 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಚಿತ್ರಗೀತೆಯ ಸಾಹಿತಿ ಮತ್ತು ಸಂಗೀತ ಸಂಯೋಜಕರ ರಾಯಲ್ಟಿ ಪಾಲಿಗೆ ಬಲ ಬಂದಿದೆ. ತಂಡದಲ್ಲಿ ನುಡಿಸುವವರು ಮಾತ್ರ ಈಗಲೂ ಕಾಗದ ಮಾಡಿಕೊಳ್ಳಲೇಬೇಕು.

ಟೈನ್ ದಂಡೆ

ನಾನು ಇರುವುದು ನ್ಯೂಕಾಸಲ್‌ನಲ್ಲಿ, ಆನಿಮಲ್ಸ್ ಹುಟ್ಟಿದ ಊರಿನಲ್ಲಿ. ಪರ್ಸಿ ಸ್ಟ್ರೀಟ್‌ನಲ್ಲಿದ್ದ ಕ್ಲಬ್ ಅ ಗೋ-ಗೋದಲ್ಲಿ ಅವರು ನಿಯತವಾಗಿ ನುಡಿಸುತ್ತಿದ್ದರು. ಇಲ್ಲಿನ ಹಳಬರಿಗೆ ಆ ಕಾಲ ಇನ್ನೂ ಹಸಿಯಾಗಿದೆ.

ಹಳೆಯ ತಟ್ಟೆಯವರ ಸರಪಳಿಗೆ ಇನ್ನೊಂದು ಕೊಂಡಿ ಸೇರಿಸಬೇಕು. ಎರಿಕ್ ಬರ್ಡನ್ ಹೇಳುವಂತೆ ಅವನು ಈ ಹಾಡನ್ನು ಮೊದಲು ಕೇಳಿದ್ದು ಡಿಲನ್‌ನಿಂದಲ್ಲ. ನ್ಯೂಕಾಸಲ್‌ನ ಒಂದು ಕ್ಲಬ್‌ನಲ್ಲಿ ಜಾನಿ ಹ್ಯಾಂಡಲ್ ಎಂಬ ಸ್ಥಳೀಯ ಜಾನಪದ ಗಾಯಕನಿಂದ. ಹ್ಯಾಂಡಲ್ ಕಲ್ಲಿದ್ದಲು ಗಣಿಯಲ್ಲಿ ದುಡಿದವನು, ಗಣಿಗಾರರ ಹಾಡುಗಳನ್ನು ಹಾಡಿದವನು. ತಂಡದ ಬೇರೆಯವರು ಡಿಲನ್ ಆಲ್ಬಮ್ ಎನ್ನುತ್ತಾರೆ. ಎರಡೂ ನಿಜವಿರಬಹುದು. ಅವರ ಮೊದಲ ಸಿಂಗಲ್ ‘ಬೇಬಿ ಲೆಟ್ ಮಿ ಟೇಕ್ ಯೂ ಹೋಮ್’ ಹಾಡಿನ ಮೂಲವೂ ಡಿಲನ್‌ನ ಅದೇ ಆಲ್ಬಮ್‌ನಲ್ಲಿರುವ ಒಂದು ಹಳೆಯ ಹಾಡು. ಆದ್ದರಿಂದ ಆಲ್ಬಮ್ ಅವರ ಕೈಯಲ್ಲಿತ್ತು ಎಂಬುದರಲ್ಲಿ ಸಂಶಯವಿಲ್ಲ.

ನನ್ನನ್ನು ಹಿಡಿದಿರುವುದು ಬೇರೆ ಸಂಗತಿ. ಮಿಡಲ್ಸ್‌ಬರೋ ಕಲ್ಲಿದ್ದಲಿನ ಊರು, ನ್ಯೂಕಾಸಲ್ ಕೂಡ ಕಲ್ಲಿದ್ದಲಿನ ಊರು. ಜಾರ್ಜಿಯಾ ಟರ್ನರ್ ಗಣಿಗಾರನ ಮಗಳು. ಬರ್ಡನ್ ಬೆಳೆದದ್ದು ಇಲ್ಲಿನ ವಾಕರ್ ಎಂಬ ದುಡಿಯುವವರ ಬಡಾವಣೆಯಲ್ಲಿ. ಅವನ ಗಂಟಲಿನಲ್ಲಿರುವ ಹೊಗೆ ಬಣ್ಣ ಹಚ್ಚಿ ತಂದದ್ದಲ್ಲ. ಲಂಡನ್ನಿನ ಕಾಲೇಜು ಹುಡುಗರು ಅಮೆರಿಕದ ಬಡವರ ಹಾಡನ್ನು ಎತ್ತಿಕೊಂಡು ದುಡ್ಡು ಮಾಡಿದರು ಎಂದು ಯಾರಾದರೂ ಈ ತಂಡವನ್ನು ದೂರಿದರೆ ನಾನು ಒಪ್ಪುವುದಿಲ್ಲ. ಕಡಲು ದಾಟಿದರೂ ಹಾಡು ತನ್ನವರ ನಡುವೆಯೇ ಉಳಿಯಿತು.

ಬೀಸುಕಲ್ಲು

ಇಷ್ಟು ಹೊತ್ತು ಎಲ್ಲರೂ ಗಿಟಾರ್, ಲೇಬಲ್, ಗಣಿ ಎಂದು ಮಾತನಾಡಿದಿರಿ. ಹಾಡಿನೊಳಗೆ ಮಾತನಾಡುತ್ತಿರುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಜಾರ್ಜಿಯಾ ಟರ್ನರ್ ಹಾಡಿದ ಪಾಠದಲ್ಲಿ ಕಥೆ ಹೇಳುವವಳು ಹೆಣ್ಣು. ಆ ಮನೆ ಅನೇಕ ಬಡ ಹುಡುಗಿಯರನ್ನು ಹಾಳು ಮಾಡಿತು, ಅವರಲ್ಲಿ ನಾನೂ ಒಬ್ಬಳು ಎನ್ನುತ್ತಾಳೆ. ತಾಯಿ ದರ್ಜಿ, ನಲ್ಲ ಕುಡುಕ. ತಂಗಿಗೆ ಹೇಳಿ, ನಾನು ಮಾಡಿದ್ದನ್ನು ಅವಳು ಮಾಡದಿರಲಿ ಎಂಬ ಬೇಡಿಕೆ. ಆಗ ಆ ‘ಮನೆ’ ಏನೆಂದು ವಿವರಿಸಬೇಕಾಗಿಲ್ಲ. ಆನಿಮಲ್ಸ್ ಹಾಡಿನಲ್ಲಿ ಹುಡುಗಿ ಹುಡುಗನಾದ, ಕುಡುಕ ನಲ್ಲನ ಜಾಗಕ್ಕೆ ಜೂಜುಕೋರ ತಂದೆ ಬಂದ, ವೇಶ್ಯಾಗೃಹ ಜೂಜುಕಟ್ಟೆಯಾಗಿ ಕೇಳತೊಡಗಿತು. ತಂಗಿಗೆ ಹೇಳಬೇಕಿದ್ದ ಎಚ್ಚರಿಕೆ ‘ತಾಯಂದಿರೇ, ನಿಮ್ಮ ಮಕ್ಕಳಿಗೆ ಹೇಳಿ’ ಎಂಬ ಉಪದೇಶವಾಯಿತು. ರೇಡಿಯೋದಲ್ಲಿ ಹಾಡಿಸಿಕೊಳ್ಳಲು ಅದು ಸಲೀಸಾಗಿರಬಹುದು. ಹಾಡಿನ ಎದೆಯಲ್ಲಿದ್ದ ಭಯ ಮಾತ್ರ ಅಲ್ಲಿ ಸಡಿಲವಾಯಿತು.

ಡಿಲನ್ ಗಂಡಸಾಗಿದ್ದೂ ಹೆಣ್ಣಿನ ಮಾತಿನಲ್ಲೇ ಹಾಡಿದ್ದಾನೆ, ಗಮನಿಸಿ. ಜೋನ್ ಬೇಜ್ 1960ರಲ್ಲಿ ತನ್ನ ಮೊದಲ ಆಲ್ಬಮ್‌ನಲ್ಲಿ, ನೀನಾ ಸಿಮೋನ್ 1962ರಲ್ಲಿ ಬಂದ ಕಛೇರಿ ಮುದ್ರಣದಲ್ಲಿ ಹಾಡಿದ್ದಾರೆ. 1981ರಲ್ಲಿ ಡಾಲಿ ಪಾರ್ಟನ್ ಮತ್ತೆ ಹೆಣ್ಣಿನ ಬಾಯಿಗೇ ಕೊಟ್ಟಳು. ನನ್ನ ಮಟ್ಟಿಗೆ ಈ ಸಾಲೇ ಹಾಡಿನ ಮುಖ್ಯ ರಸ್ತೆ. ಆನಿಮಲ್ಸ್ ಒಂದು ಅಡ್ಡರಸ್ತೆ, ವಾಹನ ಹೆಚ್ಚು ಓಡಾಡಿದ ಅಡ್ಡರಸ್ತೆ.

ನಾನು ಹೆಂಗಸರ ಹಾಡುಗಳನ್ನು ಪಾಠ ಮಾಡುವವಳು. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಹೊರತಂದಾಗ ಬೀಸುವ, ಕುಟ್ಟುವ ಹೆಂಗಸರ ಮಾತು ಮೊದಲ ಸಲ ಅಚ್ಚಿಗೆ ಬಂದಿತು. ಆ ಸಂಗ್ರಹ ನಮಗೆ ದೊಡ್ಡ ಭಾಗ್ಯ. ಆದರೂ ಮುಖಪುಟದಲ್ಲಿ ಸಂಪಾದಿಸಿದ ಗಂಡಸರ ಹೆಸರಿದೆ, ಹಾಡಿದ ತಾಯಂದಿರ ಹೆಸರು ಹುಡುಕಿದರೆ ಕಾಣುವುದಿಲ್ಲ. ಆದ್ದರಿಂದ ಟರ್ನರ್‌ಳ ಕಥೆ ನನಗೆ ದೂರದ್ದಲ್ಲ.

ಹಳೆಯ ತಟ್ಟೆ

ಬೀಸುಕಲ್ಲು ಮೇಡಂ, ಹೆಣ್ಣಿನ ದನಿಯ ಬಗ್ಗೆ ನೀವು ಹೇಳಿದ್ದು ಈ ಚರ್ಚೆಗೆ ಬೇಕಾಗಿತ್ತು. ಒಂದು ವಿಷಯದಲ್ಲಿ ಮಾತ್ರ ಆನಿಮಲ್ಸ್ ಮೇಲೆ ಪೂರ್ತಿ ಭಾರ ಹಾಕಲಾಗದು. ಈಗ ದೊರೆಯುವ ಅತಿ ಹಳೆಯ ವಾಣಿಜ್ಯ ಮುದ್ರಣ 1933ರದು, ಕ್ಲಾರೆನ್ಸ್ ಆಷ್ಲಿ ಮತ್ತು ಗ್ವೆನ್ ಫಾಸ್ಟರ್ ಹಾಡಿದ್ದು. ಅದರಲ್ಲಿ ಹಾಳಾದವರು ಬಡ ಹುಡುಗರೇ. ಆಷ್ಲಿ ಅದನ್ನು ತನ್ನ ಅಜ್ಜನಿಂದ ಕಲಿತೆ ಎಂದಿದ್ದಾನೆ. ಅಂದರೆ ಗುಡ್ಡಗಾಡಿನಲ್ಲಿ ಹುಡುಗನ ಪಾಠ, ಹುಡುಗಿಯ ಪಾಠ ಎರಡೂ ಅಕ್ಕಪಕ್ಕದಲ್ಲೇ ಬಾಳುತ್ತಿದ್ದವು.

ಆಷ್ಲಿಯ ದಾಟಿ ಮೇಜರ್ ಸ್ವರಗಳಲ್ಲಿದೆ, ಈಗಿನ ಶೋಕದ ಛಾಯೆ ಅದರಲ್ಲಿಲ್ಲ. ಹಾಡನ್ನು ಮೈನರ್‌ಗೆ ತಿರುಗಿಸಿ ಜನಪ್ರಿಯಗೊಳಿಸಿದವರಲ್ಲಿ ಪ್ರಮುಖ 1940ರ ದಶಕದಲ್ಲಿ ಹಾಡಿದ ಕಪ್ಪು ಗಾಯಕ ಜಾಷ್ ವೈಟ್. ವುಡಿ ಗತ್ರಿ, ಲೆಡ್ ಬೆಲಿ ಕೂಡ ಅದೇ ದಶಕದಲ್ಲಿ ಮುದ್ರಿಸಿದರು. ಬಿಳಿಯರ ಗುಡ್ಡದ ಹಾಡು ಕಪ್ಪು ಗಾಯಕರ ಕೊರಳಲ್ಲಿ ಮಾಗಿ ಮತ್ತೆ ಬಿಳಿಯ ಹುಡುಗರ ಗಿಟಾರಿಗೆ ಬಂತು.

ಬೀಸುಕಲ್ಲು

ಆಷ್ಲಿಯ ಪಾಠ ನನಗೆ ಗೊತ್ತು ಸರ್. ಆದರೆ ಆನಿಮಲ್ಸ್ ಕೈಗೆ ಬಂದ ಸರಪಳಿ ಆಷ್ಲಿಯದಲ್ಲ, ಟರ್ನರ್‌ಳದು ಎಂದು ನೀವೇ ಮೊದಲ ಬರಹದಲ್ಲಿ ತೋರಿಸಿದ್ದೀರಿ. ಡಿಲನ್‌ವರೆಗೆ ಹುಡುಗಿಯಾಗಿಯೇ ಬಂದವಳನ್ನು ಬದಲಿಸಿದ್ದು ಅವರ ಆಯ್ಕೆ. ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಹನ್ನೆರಡು ತಂತಿ

ಹಳೆಯ ತಟ್ಟೆಯವರು ಇದನ್ನು ಫೋಕ್ ರಾಕ್‌ನ ಮೊದಲ ದೊಡ್ಡ ಹಿಟ್ ಎಂದದ್ದರ ಬಗ್ಗೆ ನನ್ನ ತಕರಾರು. ಫೋಕ್ ರಾಕ್ ಎಂಬುದು ಶುರುವಾದದ್ದು 1965ರ ಏಪ್ರಿಲ್‌ನಲ್ಲಿ, ಬರ್ಡ್ಸ್ ತಂಡದ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಹೊರಬಂದಾಗ. ಆ ಹೆಸರು ಪತ್ರಿಕೆಗಳಲ್ಲಿ ಓಡಾಡಿದ್ದೇ ಆ ವರ್ಷದ ಬೇಸಿಗೆಯಲ್ಲಿ. ರೋಜರ್ ಮೆಗ್ವಿನ್‌ನ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರ್, ಡಿಲನ್ ಸಾಹಿತ್ಯ, ಬೀಟಲ್ಸ್ ರೀತಿಯ ಸಾಮೂಹಿಕ ಕಂಠ: ಈ ಮೂರು ಸೇರಿದ್ದು ಅಲ್ಲಿ. ಜೂನ್ 26ಕ್ಕೆ ಅಮೆರಿಕದಲ್ಲಿ ಮೊದಲ ಸ್ಥಾನ. ಆನಿಮಲ್ಸ್ ಮೂಲತಃ ಬ್ಲೂಸ್ ತಂಡ. ಒಂದು ಜಾನಪದ ಗೀತೆಯನ್ನು ಹಾಡಿದ ಮಾತ್ರಕ್ಕೆ ಅವರು ಫೋಕ್ ರಾಕ್ ಆಗುವುದಿಲ್ಲ. ಮುಂದೆ ಅದೇ ದಾರಿಯಲ್ಲಿ ನಡೆಯಲೂ ಇಲ್ಲ. ಬರ್ಡ್ಸ್ ಹಿಂದೆ ಒಂದು ಪರಂಪರೆಯೇ ಬೆಳೆಯಿತು, ಎಂಬತ್ತರ ದಶಕದ ಆರ್.ಇ.ಎಂ. ತಂಡದವರೆಗೆ.

ಆರು ತಂತಿ

ಹನ್ನೆರಡು ತಂತಿಯವರೇ, ಶೈಲಿಗೆ ಹೆಸರು ಬಿದ್ದ ದಿನವನ್ನೇ ಅದರ ಹುಟ್ಟಿದ ದಿನ ಎನ್ನಬೇಡಿ. ಬರ್ಡ್ಸ್ ಬಗ್ಗೆ ನನಗೂ ಅಪಾರ ಪ್ರೀತಿ ಇದೆ. ಆದರೆ 1964ರ ಬೇಸಿಗೆಯಲ್ಲೇ ಹಳೆಯ ಜಾನಪದ ಗೀತೆಯೊಂದನ್ನು ವಿದ್ಯುತ್ ಗಿಟಾರ್, ಆರ್ಗನ್, ಡ್ರಮ್ಸ್ ಜೊತೆ ನುಡಿಸಿ ಎರಡು ದೇಶಗಳಲ್ಲಿ ಮೊದಲ ಸ್ಥಾನಕ್ಕೆ ತಂದವರು ಆನಿಮಲ್ಸ್. ಡಿಲನ್ ಇದನ್ನು ಕಾರಿನ ರೇಡಿಯೋದಲ್ಲಿ ಮೊದಲ ಸಲ ಕೇಳಿದಾಗ ಕಾರು ನಿಲ್ಲಿಸಿ, ಹೊರಗೆ ಹಾರಿ, ಬಾನೆಟ್ ಬಡಿದು ಸಂಭ್ರಮಿಸಿದ್ದಾಗಿ ಅವನೇ ಹೇಳಿದ ಎಂದು ಡ್ರಮ್ಮರ್ ಜಾನ್ ಸ್ಟೀಲ್ ನೆನಪಿಸಿಕೊಂಡಿದ್ದಾನೆ.

ಹಳೆಯ ತಟ್ಟೆ

ಬಾನೆಟ್ ಕಥೆಗಿಂತ ಗಟ್ಟಿಯಾದ ಸಾಕ್ಷಿ ಸ್ಟುಡಿಯೋ ದಾಖಲೆಯಲ್ಲಿದೆ. ಹನ್ನೆರಡು ತಂತಿಯವರು ಇದನ್ನು ಓದಬೇಕು.

1964ರ ಡಿಸೆಂಬರ್‌ನಲ್ಲಿ, ಅಂದರೆ ಆನಿಮಲ್ಸ್ ಅಮೆರಿಕ ಗೆದ್ದ ಮೂರೇ ತಿಂಗಳಲ್ಲಿ, ಡಿಲನ್‌ನ ಆಗಿನ ನಿರ್ಮಾಪಕ ಟಾಮ್ ವಿಲ್ಸನ್ ಒಂದು ಪ್ರಯೋಗ ಮಾಡಿದ. ಡಿಲನ್ 1961ರಲ್ಲಿ ಒಂಟಿ ಗಿಟಾರಿನೊಂದಿಗೆ ಹಾಡಿದ್ದ ‘ರೈಸಿಂಗ್ ಸನ್’ ಟೇಪನ್ನು ಹೊರತೆಗೆದು, ಅದರ ಮೇಲೆ ವಿದ್ಯುತ್ ವಾದ್ಯಗಳ ತಂಡವನ್ನು ನುಡಿಸಿ ಸೇರಿಸಿದ. ಆಗ ಅದನ್ನು ಬಿಡುಗಡೆ ಮಾಡಲಿಲ್ಲ. ಮುಂದಿನ ತಿಂಗಳೇ ಡಿಲನ್ ಸ್ವತಃ ವಿದ್ಯುತ್ ತಂಡದೊಂದಿಗೆ ಹೊಸ ಹಾಡುಗಳ ಮುದ್ರಣಕ್ಕೆ ಕುಳಿತ. 1965ರ ಜೂನ್ 15ರಂದು ವಿಲ್ಸನ್ ಅದೇ ತಂತ್ರವನ್ನು ಇನ್ನೊಂದು ಹಾಡಿನ ಮೇಲೆ ಪ್ರಯೋಗಿಸಿದ. ಸೈಮನ್ ಮತ್ತು ಗಾರ್ಫಂಕಲ್ 1964ರಲ್ಲಿ ಬರೀ ಗಿಟಾರಿನೊಂದಿಗೆ ಹಾಡಿ, ಯಾರೂ ಗಮನಿಸದೆ ಬಿದ್ದಿದ್ದ ‘ದ ಸೌಂಡ್ ಆಫ್ ಸೈಲೆನ್ಸ್’. ಹಾಡಿದವರಿಗೇ ತಿಳಿಸದೆ ಅದಕ್ಕೆ ಡ್ರಮ್ಸ್, ವಿದ್ಯುತ್ ಗಿಟಾರ್ ಸೇರಿಸಿದ. 1966ರ ಜನವರಿಗೆ ಅದು ಅಮೆರಿಕದಲ್ಲಿ ಮೊದಲ ಸ್ಥಾನ. ಬೇರೆಯಾಗಿದ್ದ ಜೋಡಿ ಮತ್ತೆ ಒಂದಾಯಿತು.

ಜೂನ್ ಹೊತ್ತಿಗೆ ವಿಲ್ಸನ್ ಮುಂದೆ ಬರ್ಡ್ಸ್ ಮಾದರಿ ಇತ್ತು ಎಂಬುದನ್ನು ಒಪ್ಪುತ್ತೇನೆ. ಡಿಸೆಂಬರ್‌ನಲ್ಲಿ ಬರ್ಡ್ಸ್ ಹಾಡು ಇನ್ನೂ ಮುದ್ರಣವೇ ಆಗಿರಲಿಲ್ಲ. ಆಗ ಅವನು ಆರಿಸಿಕೊಂಡ ಹಾಡು ಯಾವುದು ನೋಡಿ. ಆನಿಮಲ್ಸ್ ತೆರೆದ ಬಾಗಿಲನ್ನು ಅವನು ನೋಡಿದ್ದ.

ಹನ್ನೆರಡು ತಂತಿ

ಡಿಸೆಂಬರ್ ಪ್ರಯೋಗ ಬಲವಾದ ಸಾಕ್ಷಿ, ಒಪ್ಪಿದೆ. ಆದರೂ ಬಾಗಿಲು ತೆರೆದವರು ಬೇರೆ, ಒಳಗೆ ಹೋಗಿ ಮನೆ ಕಟ್ಟಿದವರು ಬೇರೆ. ಫೋಕ್ ರಾಕ್‌ನ ಮೊದಲ ಹಿಟ್ ಆನಿಮಲ್ಸ್‌ದು, ಮೊದಲ ತಂಡ ಬರ್ಡ್ಸ್ ಎಂದರೆ ನನಗೆ ಸಮ್ಮತ.

ರಾತ್ರಿ ಕೇಳುಗ

ವಾನ್ ರಾಂಕ್ ಎಂಬ ಹೆಸರು ಮೇಲೆ ಬಂದಿದೆ. ಅವನಿಗೆ ಏನಾಯಿತು? ಇನ್ನೊಂದು ಪ್ರಶ್ನೆ: ಹಾಡಿನ ಕಥೆ ನಡೆಯುವ ನ್ಯೂ ಆರ್ಲಿಯನ್ಸ್‌ನಲ್ಲಿ ‘ರೈಸಿಂಗ್ ಸನ್’ ಎಂಬ ಮನೆ ನಿಜವಾಗಿ ಇತ್ತೇ?

ಟೈನ್ ದಂಡೆ

ವಾನ್ ರಾಂಕ್ ಕಥೆ ಹೇಳಿದರೆ ಹೊಟ್ಟೆ ಉರಿಯುತ್ತದೆ. ಹಾಲಿ ವುಡ್‌ರಿಂದ ಕಲಿತ ಹಾಡಿನ ಕಾರ್ಡ್‌ಗಳನ್ನು ಬದಲಿಸಿ, ಅರ್ಧ ಸ್ವರಗಳಲ್ಲಿ ಇಳಿಯುವ ಮಂದ್ರದ ಸಾಲನ್ನು ಅದಕ್ಕೆ ಕೂಡಿಸಿದವನು ಅವನು. ಜಾಝ್‌ನಲ್ಲಿ ಅದು ಸಾಮಾನ್ಯ, ಜಾನಪದ ಗಾಯಕರಲ್ಲಿ ಹೊಸದು. ಗ್ರೀನ್‌ವಿಚ್ ವಿಲೇಜ್‌ನಲ್ಲಿ ಅದು ಅವನ ಗುರುತಿನ ಹಾಡಾಗಿತ್ತು. ಒಂದು ದಿನ ಡಿಲನ್ ಬಂದು, ನಿನ್ನ ರೀತಿಯಲ್ಲೇ ಇದನ್ನು ಮುದ್ರಿಸಲೇ ಎಂದು ಕೇಳಿದ. ನಾನೇ ಮುದ್ರಿಸಬೇಕೆಂದಿದ್ದೇನೆ, ಸ್ವಲ್ಪ ತಡೆ ಎಂದ ವಾನ್ ರಾಂಕ್. ಅಷ್ಟರಲ್ಲಿ ಮುದ್ರಣ ಆಗಿಹೋಗಿತ್ತು. ಆಮೇಲೆ ವಾನ್ ರಾಂಕ್ ಹಾಡಿದರೆ ಡಿಲನ್‌ನಿಂದ ಕದ್ದದ್ದು ಎನ್ನತೊಡಗಿದರು, ಅವನು ಹಾಡುವುದನ್ನೇ ಬಿಟ್ಟ. ಆನಿಮಲ್ಸ್ ಹಿಟ್ ಆದ ಮೇಲೆ ಡಿಲನ್ ಹಾಡಿದರೆ ಆನಿಮಲ್ಸ್‌ನಿಂದ ಕದ್ದದ್ದು ಎಂದರು, ಅವನೂ ಬಿಟ್ಟ. ಈ ಎರಡನೆಯ ಭಾಗವನ್ನು ವಾನ್ ರಾಂಕ್ ಬಹಳ ಸಂತೋಷದಿಂದ ಹೇಳುತ್ತಿದ್ದ.

ಮನೆಯ ಬಗ್ಗೆ: ನ್ಯೂ ಆರ್ಲಿಯನ್ಸ್‌ನ ಕಾಂಟಿ ಸ್ಟ್ರೀಟ್‌ನಲ್ಲಿ ರೈಸಿಂಗ್ ಸನ್ ಎಂಬ ಹೋಟೆಲ್ ಇತ್ತು, 1822ರಲ್ಲಿ ಸುಟ್ಟುಹೋಯಿತು. ಹೆಂಗಸರ ಸೆರೆಮನೆಯ ಬಾಗಿಲ ಮೇಲೆ ಮೂಡುವ ಸೂರ್ಯನ ಕೆತ್ತನೆ ಇತ್ತೆಂದು ವಾನ್ ರಾಂಕ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಕಾಲಿನ ಸರಪಳಿಯ ಸಾಲನ್ನು ನೆನೆದರೆ ನನಗೆ ಸೆರೆಮನೆಯ ವಾದವೇ ಹೆಚ್ಚು ಹಿಡಿಸುತ್ತದೆ. ಇಂಗ್ಲೆಂಡಿನಲ್ಲಂತೂ ರೈಸಿಂಗ್ ಸನ್ ಎಂಬ ಹೆಸರಿನ ಪಬ್‌ಗಳು ಊರೂರಿಗೆ ಇವೆ. ನಾರ್ಫೋಕ್‌ನ ಹ್ಯಾರಿ ಕಾಕ್ಸ್ ಎಂಬ ಹಳ್ಳಿಯ ಗಾಯಕನಿಂದ ಲೋಮ್ಯಾಕ್ಸ್ 1953ರಲ್ಲಿ ಮುದ್ರಿಸಿದ ಒಂದು ಪೋಲಿ ಹಾಡಿನಲ್ಲೂ ಲೋಸ್ಟಾಫ್ಟ್ ಊರಿನ ರೈಸಿಂಗ್ ಸನ್ ಬರುತ್ತದೆ. ಹಾಡು ಹಡಗಿನಲ್ಲಿ ವಲಸೆ ಹೋದವರ ಜೊತೆ ಹೋಗಿ ಅಲ್ಲಿ ನ್ಯೂ ಆರ್ಲಿಯನ್ಸ್ ವಿಳಾಸ ಪಡೆದಿರಬಹುದು.

ಸೋರುವ ಮಾಳಿಗೆ

ತಡವಾಗಿ ಬಂದೆ, ಒಂದು ಮಾತು. ಕನ್ನಡದಲ್ಲಿ ಫೋಕ್ ರಾಕ್ ಎಂದರೆ ನನ್ನ ತಲೆಮಾರಿಗೆ ನೆನಪಾಗುವುದು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್. ಅದರಲ್ಲಿನ ಷರೀಫರ ಹಾಡುಗಳನ್ನು ನಾವು ಕಾಲೇಜಿನಲ್ಲಿ ಕೂಗಿ ಹಾಡಿದವರು. ವಾದ್ಯ ಎಷ್ಟೇ ಬದಲಾದರೂ ಕೊನೆಯ ಸಾಲಿಗೆ ಬಂದಾಗ ಶಿಶುನಾಳಧೀಶ ಎಂಬ ಅಂಕಿತ ಬಂದೇ ಬರುತ್ತದೆ. ಯಾವ ಕಂಪನಿಯೂ ಅದನ್ನು ಲೇಬಲ್‌ನಿಂದ ಅಳಿಸಲಾರದು, ಏಕೆಂದರೆ ಅದು ಹಾಡಿನ ಒಳಗೇ ಇದೆ. ವಚನಕಾರರು, ದಾಸರು, ತತ್ವಪದಕಾರರು ಎಲ್ಲರೂ ಈ ವ್ಯವಸ್ಥೆ ಮಾಡಿಕೊಂಡಿದ್ದರು. ಬೀಸುಕಲ್ಲು ಮೇಡಂ ಹೇಳಿದ ತಾಯಂದಿರಿಗೆ, ಜಾರ್ಜಿಯಾ ಟರ್ನರ್‌ಗೆ ಆ ರಕ್ಷಣೆ ಇರಲಿಲ್ಲ.

ಕರಡು ಪ್ರತಿ

ಅಂಕಿತದ ಮಾತು ಸೊಗಸಾಗಿದೆ. ಒಂದು ವ್ಯತ್ಯಾಸ ನೆನಪಿರಲಿ: ಅಂಕಿತದಿಂದ ಕವಿಗೆ ಮನ್ನಣೆ ಸಿಗುತ್ತದೆ, ಹಣ ಸಿಗುವುದಿಲ್ಲ. ಟರ್ನರ್‌ಳ ಹೆಸರೂ ಪೂರ್ತಿ ಅಳಿದಿರಲಿಲ್ಲ. 1941ರಲ್ಲಿ ಲೋಮ್ಯಾಕ್ಸ್ ತಂದೆ-ಮಗ ಪ್ರಕಟಿಸಿದ ಸಂಗ್ರಹದಲ್ಲಿ ಈ ಹಾಡಿನ ಸಾಹಿತ್ಯಕ್ಕೆ ಅವಳ ಹೆಸರನ್ನೂ, ಕೆಲವು ಹೆಚ್ಚಿನ ನುಡಿಗಳಿಗೆ ಬರ್ಟ್ ಮಾರ್ಟಿನ್ ಎಂಬ ಇನ್ನೊಬ್ಬ ಕೆಂಟಕಿ ಗಾಯಕನ ಹೆಸರನ್ನೂ ಕೊಟ್ಟಿದ್ದಾರೆ. ಪುಸ್ತಕದಲ್ಲಿದ್ದ ಹೆಸರು ರೆಕಾರ್ಡಿಗೆ ದಾಟಲಿಲ್ಲ.

ರಾತ್ರಿ ಕೇಳುಗ

ಅವಳ ಮುಂದಿನ ಬದುಕು? ಮತ್ತು ಎಲ್ಲವನ್ನೂ ಕೇಳಬೇಕೆಂದರೆ ಎಲ್ಲಿಂದ ಶುರುಮಾಡಲಿ?

ಹಳೆಯ ತಟ್ಟೆ

ಜಾರ್ಜಿಯಾ ಟರ್ನರ್ ಮದುವೆಯಾಗಿ ಮಿಷಿಗನ್‌ನ ಮನ್ರೋಗೆ ಹೋದಳು, ಮಕ್ಕಳನ್ನು ಸಾಕಿದಳು. ಲೋಮ್ಯಾಕ್ಸ್ ಪ್ರಯತ್ನದಿಂದ 1960ರ ದಶಕದಲ್ಲಿ ಅವಳಿಗೆ ಸ್ವಲ್ಪ ರಾಯಲ್ಟಿ ಹೋಗಿದೆ, ಬಹಳ ಸಣ್ಣ ಮೊತ್ತ. ಶ್ವಾಸಕೋಶದ ಕಾಯಿಲೆಯಿಂದ 1969ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡಳು. ಹಾಡು ಅಷ್ಟರಲ್ಲಿ ಜಗತ್ತು ಸುತ್ತಿಯಾಗಿತ್ತು. 1964ರಲ್ಲೇ ಜಾನಿ ಹಾಲಿಡೇ ಅದನ್ನು ಫ್ರೆಂಚಿನಲ್ಲಿ ಸೆರೆಮನೆಯ ಹಾಡಾಗಿ ಹಾಡಿ ಗೆದ್ದಿದ್ದ. 1970ರಲ್ಲಿ ಫ್ರಿಜಿಡ್ ಪಿಂಕ್ ತಂಡ ಗಡಸು ರಾಕ್ ಮಾಡಿ ಅಮೆರಿಕದ ಮೊದಲ ಹತ್ತರೊಳಗೆ ಮತ್ತೆ ತಂದಿತು. ಟೆಡ್ ಆಂಟನಿ ಎಂಬ ಪತ್ರಕರ್ತ ಈ ಒಂದೇ ಹಾಡಿನ ಬೆನ್ನು ಹತ್ತಿ 2007ರಲ್ಲಿ ಪುಸ್ತಕ ಬರೆದಿದ್ದಾನೆ. ಟರ್ನರ್ ಬಗ್ಗೆ ಹೆಚ್ಚು ತಿಳಿಯಬೇಕಾದವರು ಅದನ್ನು ಹುಡುಕಿ ಓದಿ.

ಕೇಳುವ ಕ್ರಮ: ಮೊದಲು ಆಷ್ಲಿ ಮತ್ತು ಫಾಸ್ಟರ್, ಆಮೇಲೆ ಟರ್ನರ್. ಲೋಮ್ಯಾಕ್ಸ್ ಕೆಂಟಕಿಯಲ್ಲಿ ಮಾಡಿದ ಮುದ್ರಣಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ವಾದ್ಯವಿಲ್ಲ, ತಟ್ಟೆಯ ಗೀರು ಸದ್ದು ಜೋರಾಗಿದೆ, ಹೆಡ್‌ಫೋನ್ ಹಾಕಿಕೊಳ್ಳಿ. ಅದರ ನಂತರ ಜಾಷ್ ವೈಟ್, ಡಿಲನ್, ವಾನ್ ರಾಂಕ್ (ಅವನ ಮುದ್ರಣ ಕೊನೆಗೂ 1964ರಲ್ಲಿ ಬಂತು), ಕೊನೆಗೆ ಆನಿಮಲ್ಸ್‌ನ ನಾಲ್ಕೂವರೆ ನಿಮಿಷದ ಪೂರ್ಣ ಪಾಠ. ಮೊಟಕಾದ ಅಮೆರಿಕನ್ ಪಾಠ ಬೇಡ.

ಆರು ತಂತಿ

ನನ್ನ ವಿದ್ಯಾರ್ಥಿಗಳಿಗೆ ಹಂಚುವ ಕಾರ್ಡ್ ಹಾಳೆಯ ಮೇಲೆ ಇಷ್ಟು ದಿನ ‘ಆನಿಮಲ್ಸ್’ ಎಂದಷ್ಟೇ ಇತ್ತು. ಈ ವಾರದಿಂದ ಹೀಗೆ ಅಚ್ಚಾಗುತ್ತದೆ: ಜಾರ್ಜಿಯಾ ಟರ್ನರ್ (1937), ಹಾಲಿ ವುಡ್, ವಾನ್ ರಾಂಕ್, ಡಿಲನ್ (1962), ಆನಿಮಲ್ಸ್ (1964), ಗಿಟಾರ್ ಹಿಲ್ಟನ್ ವ್ಯಾಲೆಂಟೈನ್. ಬೀಸುಕಲ್ಲು ಮೇಡಂ, ಹುಡುಗಿಯ ಪಾಠದ ಸಾಹಿತ್ಯ ನಿಮ್ಮ ಬಳಿ ಇದ್ದರೆ ಕಳುಹಿಸಿ, ಹಾಳೆಯ ಹಿಂಬದಿಗೆ ಅದನ್ನು ಹಾಕುತ್ತೇನೆ.

ಬೀಸುಕಲ್ಲು

ಇದೆ ಸರ್, ಈ ರಾತ್ರಿಯೇ ಕಳುಹಿಸುತ್ತೇನೆ. ಹಿಂಬದಿ ಬೇಡ, ಮುಂಬದಿಯಲ್ಲೇ ಪಕ್ಕಪಕ್ಕ ಹಾಕಿ.